ಎತ್ತರಕ್ಕೂ ಕರುಳಿಗೂ ಎಷ್ಟು ನಂಟು? ಶಾಲಾ ಮಕ್ಕಳ ಬೆಳವಣಿಗೆಯ ಒಂದು ಲೆಕ್ಕ

ಮುಂಬಯಿ ಬಳಿಯ ಡೊಂಬಿವಲಿ ಪೂರ್ವದ ಔಷಧದ ಅಂಗಡಿಯೊಂದರಲ್ಲಿ ರಕ್ತದೊತ್ತಡದ ಮಾತ್ರೆಗಾಗಿ ಕಾಯುತ್ತ ನಿಂತಿದ್ದಾಗ, ಪಕ್ಕದಲ್ಲಿ ಕಲಬುರಗಿ ಕಡೆಯ ತಾಯಿಯೊಬ್ಬರು ಹನ್ನೊಂದು ವರ್ಷದ ಮಗನನ್ನು ಮುಂದೆ ನಿಲ್ಲಿಸಿಕೊಂಡು ಪ್ರೊಬಯಾಟಿಕ್ ಪುಡಿಯ, ಅಂದರೆ ಹೊಟ್ಟೆಗೆ ಒಳ್ಳೆಯದೆನ್ನುವ ಬ್ಯಾಕ್ಟೀರಿಯಾಗಳ ಪುಡಿಯ ಪೊಟ್ಟಣಗಳನ್ನು ಕೇಳುತ್ತಿದ್ದರು. ಅಂಗಡಿಯವನೊಡನೆ ಹಿಂದಿ, ಮಗನೊಡನೆ ಕನ್ನಡ. ನಾನೂ ಕನ್ನಡದವನೆಂದು ಗೊತ್ತಾದೊಡನೆ ನನ್ನ ಕಡೆಗೆ ತಿರುಗಿದರು. "ಊರಾಗ ನಮ್ಮ ಅಕ್ಕನ ಮಗಳು ಇವನ ವಾರಿಗಿಯಾಕಿ. ಇವನ್ನ ದಾಟಿ ಎತ್ತರ ಹೋಗ್ಯಾಳ ನೋಡ್ರಿ ಅಣ್ಣಾ. ಇವ ಬೆಳೀವಲ್ಲ. ಹೊಟ್ಟ್ಯಾಗ ಒಳ್ಳೇ ಬ್ಯಾಕ್ಟೀರಿಯಾ ಕಮ್ಮಿ ಆದ್ರ ಹಿಂಗಾಗ್ತದಂತ, ಮೊಬೈಲ್‌ನ್ಯಾಗ ತೋರಿಸಿದ್ರು."

ಮೊಬೈಲಿನಲ್ಲಿ ಅವರಿಗೆ ಕಂಡದ್ದು ಪೂರ್ತಿ ಸುಳ್ಳಲ್ಲ, ಉತ್ತರ ಕೊಡುವುದು ಕಷ್ಟವಾದದ್ದೂ ಅದಕ್ಕಾಗಿಯೇ. ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳಿಗೂ ಮಕ್ಕಳ ಬೆಳವಣಿಗೆಗೂ ಸಂಬಂಧವಿದೆ ಎಂಬುದಕ್ಕೆ ಕಳೆದ ಹದಿನೈದು ವರ್ಷಗಳಲ್ಲಿ ಗಟ್ಟಿಯಾದ ಪುರಾವೆ ಸಿಕ್ಕಿದೆ. ಆದರೆ ಆ ಪುರಾವೆಯ ಬಹುಭಾಗ ಸಿಕ್ಕಿರುವುದು ಇಲಿಗಳಲ್ಲಿ ಮತ್ತು ಎರಡು ವರ್ಷದೊಳಗಿನ ಕೂಸುಗಳಲ್ಲಿ. ಅಂಗಡಿಯ ಮುಂದೆ ನಿಂತಿದ್ದ ಹುಡುಗನ ವಯಸ್ಸಿನವರಲ್ಲಿ ಅಲ್ಲ. ಕೂಸಿನ ವಿಷಯದಲ್ಲಿ ಕಂಡುಕೊಂಡದ್ದನ್ನು ಆರನೇ ತರಗತಿಯ ಹುಡುಗನಿಗೆ ಹಾಗೆಯೇ ಅನ್ವಯಿಸುವಾಗ ಎಲ್ಲಿ ಎಡವುತ್ತೇವೆ, ಎಲ್ಲಿ ಅನ್ವಯ ಸರಿಯಾದೀತು ಎಂಬುದನ್ನು ಇಲ್ಲಿ ನೋಡಬೇಕಾಗಿದೆ.

ಮೊದಲು ಈ ವಯಸ್ಸಿನ ಬಗ್ಗೆಯೇ ಒಂದು ಮಾತು. ನಮ್ಮಲ್ಲಿ ಕುಂಠಿತ ಬೆಳವಣಿಗೆಯ ಚರ್ಚೆ ಎಂದರೆ ಐದು ವರ್ಷದೊಳಗಿನ ಮಕ್ಕಳ ಚರ್ಚೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆ ವಯೋಮಾನದಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ದೇಶದಲ್ಲಿ ಶೇ. 35.5, ಮಹಾರಾಷ್ಟ್ರದಲ್ಲಿ ಶೇ. 35.2, ಕರ್ನಾಟಕದಲ್ಲಿ ಶೇ. 35.4, ಗೋವಾದಲ್ಲಿ ಶೇ. 25.8. ಆದರೆ ಅದೇ ಸಮೀಕ್ಷೆ ಐದು ದಾಟಿದ ಮಗುವಿನ ಎತ್ತರವನ್ನು ಅಳೆಯುವುದಿಲ್ಲ. ಮತ್ತೆ ಅಳತೆಪಟ್ಟಿ ಹೊರಗೆ ಬರುವುದು ಹದಿನೈದು ತುಂಬಿದವರಿಗೆ. ನಡುವಿನ ಹತ್ತು ವರ್ಷ, ಅಂದರೆ ಇಡೀ ಶಾಲಾಜೀವನ, ಆ ಲೆಕ್ಕದ ಹೊರಗೆ ಉಳಿದುಬಿಡುತ್ತದೆ. 2016-18ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೂ ಯುನಿಸೆಫ್ ಸಂಸ್ಥೆಯೂ ಸೇರಿ ನಡೆಸಿದ ಸಮಗ್ರ ಪೋಷಣಾ ಸಮೀಕ್ಷೆಯೇ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದ್ದು. ಐದರಿಂದ ಒಂಬತ್ತು ವರ್ಷದವರಲ್ಲಿ ಶೇ. 22 ಮಕ್ಕಳ ಎತ್ತರ ಕಡಿಮೆ, ಹತ್ತರಿಂದ ಹತ್ತೊಂಬತ್ತರವರಲ್ಲಿ ಶೇ. 24 ಮಂದಿ ತೀರಾ ತೆಳ್ಳಗೆ ಎಂದು ಅದು ಹೇಳಿತು.

ಶಾಲಾ ವಯಸ್ಸಿನ ಬೆಳವಣಿಗೆಗೆ ತನ್ನದೇ ಆದ ಲಯವಿದೆ. ಕೂಸಿನ ಓಟ ಮುಗಿದ ಮೇಲೆ ವರ್ಷಕ್ಕೆ ಐದಾರು ಸೆಂಟಿಮೀಟರಿನಂತೆ ನಿಧಾನವಾಗಿ ಏರುವ ಎತ್ತರ, ಪ್ರೌಢಾವಸ್ಥೆ ಕಾಲಿಟ್ಟಾಗ ಮತ್ತೆ ಜಿಗಿಯುತ್ತದೆ. ಹುಡುಗಿಯರಲ್ಲಿ ಈ ಜಿಗಿತ ಸಾಮಾನ್ಯವಾಗಿ ಹತ್ತರಿಂದ ಹನ್ನೆರಡರ ನಡುವೆ ಬರುತ್ತದೆ, ಹುಡುಗರಲ್ಲಿ ಸುಮಾರು ಎರಡು ವರ್ಷ ತಡವಾಗಿ. ಆದ್ದರಿಂದ ಹನ್ನೊಂದರ ಹುಡುಗನನ್ನು ಅದೇ ವಯಸ್ಸಿನ ಹುಡುಗಿಯ ಪಕ್ಕದಲ್ಲಿ ನಿಲ್ಲಿಸಿ ನೋಡುವುದು ಮಾವಿನ ಗಿಡದ ಪಕ್ಕದಲ್ಲಿ ಬಾಳೆಯನ್ನು ನೆಟ್ಟು ಹೋಲಿಸಿದ ಹಾಗೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2015ರಲ್ಲಿ ಐದರಿಂದ ಹದಿನೆಂಟು ವರ್ಷದವರಿಗಾಗಿ ಪ್ರಕಟಿಸಿದ ಬೆಳವಣಿಗೆಯ ನಕ್ಷೆಗಳು ಗಂಡು ಹೆಣ್ಣಿಗೆ ಬೇರೆ ಬೇರೆ ಗೆರೆಗಳನ್ನು ಹಾಕಿರುವುದೂ ಇದಕ್ಕಾಗಿಯೇ. ಆ ನಕ್ಷೆಗಳನ್ನು ರೂಪಿಸಿದ ತಂಡದ ಮುಂದಾಳು ಪುಣೆಯ ಡಾ. ವಾಮನ್ ಖಾಡಿಲ್ಕರ್.

ಇನ್ನು ಕರುಳಿನ ಕತೆಗೆ ಬರೋಣ. ಇದು ಬಹುಮಟ್ಟಿಗೆ ಢಾಕಾದ ಕತೆ. ಮಕ್ಕಳ ಅಪೌಷ್ಟಿಕತೆಗೆ ಊಟದ ಕೊರತೆಯೊಂದೇ ಕಾರಣವಾಗಿದ್ದರೆ ಊಟ ಕೊಟ್ಟೊಡನೆ ಅದು ಪರಿಹಾರವಾಗಬೇಕಿತ್ತು. ಹಾಗಾಗುವುದಿಲ್ಲ ಎಂಬುದು ವೈದ್ಯರಿಗೆ ಬಹುಕಾಲದಿಂದ ಗೊತ್ತಿದ್ದ ತಲೆನೋವು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೆಫ್ರಿ ಗಾರ್ಡನ್ ಅವರ ತಂಡ 2013ರಲ್ಲಿ ಆಫ್ರಿಕಾದ ಮಲಾವಿಯ 317 ಅವಳಿ ಜೋಡಿಗಳನ್ನು ಮೊದಲ ಮೂರು ವರ್ಷ ಹಿಂಬಾಲಿಸಿದ ಅಧ್ಯಯನವನ್ನು ಪ್ರಕಟಿಸಿತು. ಒಂದೇ ಮನೆ, ಒಂದೇ ಊಟ, ಆದರೂ ಅವಳಿಗಳಲ್ಲಿ ಒಂದಕ್ಕೆ ತೀವ್ರ ಅಪೌಷ್ಟಿಕತೆ, ಇನ್ನೊಂದಕ್ಕೆ ಇಲ್ಲ. ಕಾಯಿಲೆ ಬಿದ್ದ ಮಗುವಿನ ಕರುಳಿನ ಬ್ಯಾಕ್ಟೀರಿಯಾಗಳನ್ನು, ಹುಟ್ಟಿನಿಂದಲೇ ಸೂಕ್ಷ್ಮಜೀವಿಗಳಿಲ್ಲದಂತೆ ಬೆಳೆಸಿದ ಇಲಿಗಳಿಗೆ ವರ್ಗಾಯಿಸಿ, ಮಲಾವಿಯ ಬಡವರ ಊಟವನ್ನೇ ಹಾಕಿದಾಗ ಆ ಇಲಿಗಳು ತೂಕ ಕಳೆದುಕೊಂಡವು. ಮರುವರ್ಷ ಢಾಕಾದ ಅಂತರರಾಷ್ಟ್ರೀಯ ಅತಿಸಾರ ಸಂಶೋಧನಾ ಕೇಂದ್ರದ ತಹ್ಮೀದ್ ಅಹ್ಮದ್ ಅವರೊಡನೆ ಸೇರಿ ಅದೇ ತಂಡ ಇನ್ನೊಂದು ವಿಷಯ ತೋರಿಸಿತು: ಅಪೌಷ್ಟಿಕ ಮಗುವಿನ ಕರುಳಿನ ಸೂಕ್ಷ್ಮಜೀವಿ ಸಮುದಾಯ ಅದರ ವಯಸ್ಸಿಗಿಂತ ಎಳೆಯದಾಗಿರುತ್ತದೆ. ಚಿಕಿತ್ಸೆಯ ಆಹಾರ ಕೊಟ್ಟಾಗ ತುಸು ಬಲಿಯುತ್ತದೆ, ನಿಲ್ಲಿಸಿದಾಗ ಮತ್ತೆ ಹಿಂದಕ್ಕೆ ಸರಿಯುತ್ತದೆ.

ಅಲ್ಲಿಂದ ಮುಂದಿನ ಹೆಜ್ಜೆ ನಮ್ಮ ಅಡುಗೆಮನೆಗೆ ಹತ್ತಿರದ್ದು. ಬ್ಯಾಕ್ಟೀರಿಯಾಗಳನ್ನು ಪೊಟ್ಟಣದಲ್ಲಿ ಹೊರಗಿನಿಂದ ತಂದು ಸುರಿಯುವ ಬದಲು, ಒಳಗಿರುವುದರಲ್ಲಿ ಬೇಕಾದವು ಹೆಚ್ಚಲು ಏನನ್ನು ಉಣಿಸಬೇಕೆಂದು ಆ ತಂಡ ಹುಡುಕಿತು. ಹಲವು ಪದಾರ್ಥಗಳನ್ನು ಪರೀಕ್ಷಿಸಿ ಕೊನೆಗೆ ಉಳಿದದ್ದು ನಾಲ್ಕು: ಕಡಲೆ ಹಿಟ್ಟು, ಸೋಯಾ ಹಿಟ್ಟು, ಶೇಂಗಾ ಹಿಟ್ಟು ಮತ್ತು ಬಾಳೆಕಾಯಿ. ಢಾಕಾದ ಮೀರ್‌ಪುರದ ಕೊಳೆಗೇರಿಯಲ್ಲಿ ಹನ್ನೆರಡರಿಂದ ಹದಿನೆಂಟು ತಿಂಗಳ ಮಕ್ಕಳಿಗೆ ಮೂರು ತಿಂಗಳು ಇದನ್ನು ಕೊಟ್ಟು, ಇನ್ನೊಂದು ಗುಂಪಿಗೆ ರೂಢಿಯಲ್ಲಿದ್ದ ಪೂರಕ ಆಹಾರ ಕೊಟ್ಟರು. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗಮನ ಸೆಳೆದದ್ದು ಇದು: ಹೊಸ ಆಹಾರದಲ್ಲಿ ಶಕ್ತಿಯ ಅಂಶ ರೂಢಿಯದಕ್ಕಿಂತ ಕಡಿಮೆಯಿದ್ದರೂ ಆ ಮಕ್ಕಳ ತೂಕ ಹೆಚ್ಚು ವೇಗವಾಗಿ ಏರಿತ್ತು. ಮುಂದೆ 2024ರಲ್ಲಿ, ಈ ಪದಾರ್ಥಗಳ ನಾರನ್ನು ಒಡೆಯುವ ಕೆಲಸದಲ್ಲಿ ಮುಂದಿದ್ದು, ತೂಕದ ಏರಿಕೆಯೊಡನೆ ತಾಳೆಯಾದವು ಪ್ರೆವೊಟೆಲ್ಲಾ ಕೊಪ್ರಿ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಎಂದು ಅವರು ಗುರುತಿಸಿದರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹಾಗೆಯೇ ಆ ಪ್ರಯೋಗದಲ್ಲಿ ಕಂಡ ಲಾಭ ತೂಕದ್ದು, ಉದ್ದದ್ದಲ್ಲ ಎಂಬುದನ್ನೂ ನೆನಪಿಡಬೇಕು. ಮೊಬೈಲಿನ ವಿಡಿಯೊಗಳಲ್ಲಿ ಬಿಟ್ಟುಹೋಗುವುದು ಈ ಎರಡನೆಯ ಮಾತೇ.

ಬ್ಯಾಕ್ಟೀರಿಯಾ ಎಲುಬನ್ನು ಹೇಗೆ ಮುಟ್ಟೀತು? ದಾರಿಗಳು ಎರಡು ಮೂರು ಇವೆ. ನಮ್ಮ ಸಣ್ಣ ಕರುಳು ಜೀರ್ಣಿಸಲಾರದ ನಾರು ದೊಡ್ಡ ಕರುಳನ್ನು ತಲುಪಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳನ್ನಾಗಿ ಮಾಡುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಬ್ಯುಟಿರಿಕ್ ಆಮ್ಲವೇ ಮುಖ್ಯ ಉರುವಲು. ಆ ಪದರ ಗಟ್ಟಿಯಾಗಿದ್ದರೆ ಕರುಳಿನೊಳಗಿನ ಕಶ್ಮಲ ರಕ್ತಕ್ಕೆ ಸೋರುವುದಿಲ್ಲ. ಸೋರಿದರೆ ದೇಹದಲ್ಲಿ ಸದಾ ಸಣ್ಣಗೆ ಉರಿಯುವ ಉರಿಯೂತ ಉಂಟಾಗಿ, ಎಲುಬು ಬೆಳೆಯಲು ಬೇಕಾದ ಇನ್ಸುಲಿನ್‌ನಂತಹ ಬೆಳವಣಿಗೆ ಅಂಶ-1 ಎಂಬ ಹಾರ್ಮೋನಿನ ಉತ್ಪತ್ತಿ ತಗ್ಗುತ್ತದೆ. 2016ರ ಒಂದು ಫ್ರೆಂಚ್ ಅಧ್ಯಯನದಲ್ಲಿ ಸೂಕ್ಷ್ಮಜೀವಿಗಳಿಲ್ಲದ ಎಳೆಯ ಇಲಿಗಳು ಗಿಡ್ಡವಾಗಿ ಉಳಿದವು, ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟರಮ್‌ನ ಒಂದು ತಳಿಯನ್ನು ಕೊಟ್ಟಾಗ ಊಟದ ಕೊರತೆಯ ನಡುವೆಯೂ ಚೆನ್ನಾಗಿ ಬೆಳೆದವು. ಇದೇ ಜಾತಿಯ ಬ್ಯಾಕ್ಟೀರಿಯಾ ನಮ್ಮ ಇಡ್ಲಿ ಹಿಟ್ಟಿನಲ್ಲೂ ಸಿಗುತ್ತದೆಂದು ಹಿಗ್ಗುವವರಿಗೆ ಎರಡು ಮಾತು: ಆ ತಳಿ ಸಿಕ್ಕಿದ್ದು ಹಣ್ಣಿನ ನೊಣದ ಕರುಳಿನಲ್ಲಿ, ಮತ್ತು ಇಡ್ಲಿಯನ್ನು ನಾವು ಹಬೆಯಲ್ಲಿ ಬೇಯಿಸುತ್ತೇವೆ.

ದೊಡ್ಡ ಮಕ್ಕಳ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ಮೂರು ವರ್ಷಕ್ಕೆ ಮಗುವಿನ ಕರುಳಿನ ಸೂಕ್ಷ್ಮಜೀವಿ ಸಮುದಾಯ ದೊಡ್ಡವರ ಹಾಗಾಗುತ್ತದೆ ಎಂದು 2012ರ ಪ್ರಸಿದ್ಧ ಅಧ್ಯಯನವೊಂದು ಹೇಳಿದ್ದರಿಂದ, ಆಮೇಲೆ ಏನೂ ಬದಲಾಗುವುದಿಲ್ಲ ಎಂಬ ಭಾವನೆ ಬೆಳೆದುಬಿಟ್ಟಿದೆ. ಅದು ಒಟ್ಟು ಚಿತ್ರ ಮಾತ್ರ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಏಳರಿಂದ ಹನ್ನೆರಡರ ಆರೋಗ್ಯವಂತ ಮಕ್ಕಳನ್ನು ಪರೀಕ್ಷಿಸಿದವರು, ದೊಡ್ಡವರಿಗಿಂತ ಅವರಲ್ಲಿ ಬೈಫಿಡೊ ಬ್ಯಾಕ್ಟೀರಿಯಾಗಳು ಹೆಚ್ಚಿರುವುದನ್ನೂ, ಬೆಳವಣಿಗೆಗೆ ನೆರವಾಗುವ ಜೀವಸತ್ವ ಬಿ12 ಮತ್ತು ಫೋಲೇಟ್ ತಯಾರಿಸುವ ಜೀನುಗಳು ಹೆಚ್ಚಿರುವುದನ್ನೂ 2015ರಲ್ಲಿ ವರದಿ ಮಾಡಿದರು. ಹದಿಹರೆಯದವರ ಕರುಳು ಕೂಡ ವಯಸ್ಕರದ್ದಕ್ಕಿಂತ ಭಿನ್ನವೆಂದು ಅದಕ್ಕೂ ಹಿಂದೆಯೇ ಇನ್ನೊಂದು ತಂಡ ಕಂಡುಕೊಂಡಿತ್ತು. ಅಂದರೆ ಶಾಲಾ ವಯಸ್ಸಿನಲ್ಲಿ ಬಾಗಿಲು ಮುಚ್ಚಿಲ್ಲ, ಅರ್ಧ ತೆರೆದಿದೆ.

ಆ ಅರ್ಧ ತೆರೆದ ಬಾಗಿಲಲ್ಲಿ ಏನನ್ನು ಒಳಗೆ ಕಳಿಸಬಹುದು ಎಂಬುದಕ್ಕೆ ನನ್ನ ದೃಷ್ಟಿಯಲ್ಲಿ ಅತ್ಯಂತ ಉಪಯುಕ್ತವಾದ ಪ್ರಯೋಗ ಹಳೆಯದು, ಅಷ್ಟಾಗಿ ಸುದ್ದಿಯಾಗದ್ದು. ಅದೇ ಹ್ಯೂಸ್ಟನ್ನಿನಲ್ಲಿ ಒಂಬತ್ತರಿಂದ ಹದಿಮೂರು ವರ್ಷದ ಸುಮಾರು ನೂರು ಮಕ್ಕಳಿಗೆ ಒಂದು ವರ್ಷ ದಿನಕ್ಕೆ 8 ಗ್ರಾಂ ಇನುಲಿನ್ ಜಾತಿಯ ನಾರನ್ನು, ಅಥವಾ ಅದರಂತೆ ತೋರುವ ಮಾಲ್ಟೊಡೆಕ್ಸ್ಟ್ರಿನ್ ಎಂಬ ಪಿಷ್ಟದ ಪುಡಿಯನ್ನು ಕೊಟ್ಟು ನೋಡಿದರು. 2005ರಲ್ಲಿ ಹೊರಬಂದ ಫಲಿತಾಂಶದಂತೆ ನಾರು ಪಡೆದವರ ದೇಹ ಕ್ಯಾಲ್ಸಿಯಂ ಅನ್ನು ಹೆಚ್ಚಾಗಿ ಹೀರಿಕೊಂಡಿತ್ತು, ಅವರ ಎಲುಬಿನಲ್ಲಿ ಖನಿಜ ಹೆಚ್ಚು ತುಂಬಿತ್ತು. ನಾರು ದೊಡ್ಡ ಕರುಳಿನಲ್ಲಿ ಹುಳಿತು ಆಮ್ಲವಾದಾಗ ಕ್ಯಾಲ್ಸಿಯಂ ಕರಗಿ ಒಳಹೋಗಲು ಅನುಕೂಲವಾಗುತ್ತದೆ ಎಂಬುದು ವಿವರಣೆ. ಇನುಲಿನ್ ನಮಗೆ ಅಪರಿಚಿತ ವಸ್ತುವಲ್ಲ. ಈರುಳ್ಳಿ, ಬೆಳ್ಳುಳ್ಳಿಯಲ್ಲಿ ಇರುವುದೇ. ಆದರೂ ದಿನಕ್ಕೆ 8 ಗ್ರಾಂ ತಲುಪಲು ಬರೀ ಒಗ್ಗರಣೆಯ ಬೆಳ್ಳುಳ್ಳಿ ಸಾಲದು. ಇದರ ಎದುರಿಗೆ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಬೊಜ್ಜಿನ ಸಮಸ್ಯೆಯಿದ್ದ 14ರಿಂದ 18ರ 87 ಮಂದಿಗೆ ಆರೋಗ್ಯವಂತರ ಮಲದಿಂದ ತಯಾರಿಸಿದ ಕ್ಯಾಪ್ಸೂಲ್ ನುಂಗಿಸಿ ನೋಡಿದ ಪ್ರಯೋಗವನ್ನು ಇಟ್ಟು ನೋಡಿ. 2020ರಲ್ಲಿ ಪ್ರಕಟವಾದ ಅದರಲ್ಲಿ ಹೊಟ್ಟೆಯ ಭಾಗದ ಕೊಬ್ಬು ಸ್ವಲ್ಪ ಕಡಿಮೆಯಾಯಿತಾದರೂ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಕದಲಲಿಲ್ಲ. ಇಡೀ ಬ್ಯಾಕ್ಟೀರಿಯಾ ಸಮುದಾಯವನ್ನೇ ಬದಲಿಸಿ ಕೊಟ್ಟರೂ ಹದಿಹರೆಯದವರ ಆ ಸೂಚ್ಯಂಕ ಮಿಸುಕಲಿಲ್ಲ. ದಿನಾ ನಾರು ಕೊಟ್ಟಾಗ ಎಲುಬು ಬಲಿಯಿತು. ಎರಡು ಪ್ರಯೋಗಗಳ ಗುರಿ ಬೇರೆಯಾದ್ದರಿಂದ ನೇರ ಹೋಲಿಕೆ ಸಲ್ಲದು, ನಿಜ. ಆದರೂ ಪೊಟ್ಟಣಕ್ಕಿಂತ ತಾಟಿನ ಕಡೆಗೆ ನನ್ನ ಒಲವು ವಾಲುವುದು ಇದರಿಂದಲೇ.

ತಾಟಿನ ಮಾತು ಬಂದಾಗ ಮುಂಬಯಿ, ಪುಣೆಗಳ ಕನ್ನಡ ಮನೆಗಳಲ್ಲಿ ಆಗಿರುವ ಬದಲಾವಣೆಯನ್ನು ನೋಡದೆ ಇರಲಾಗದು. ಕಲಬುರಗಿ, ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ, ಮನೆಗೆಲಸಕ್ಕೆ ಬಂದವರು ಬಿಟ್ಟುಬಂದದ್ದು ಜೋಳದ ರೊಟ್ಟಿ, ಪುಂಡಿಪಲ್ಯ, ಹಿಂಡಿ, ಕಾಳು ಪಲ್ಯದ ಊಟ. ಇಲ್ಲಿ ನಸುಕಿಗೇ ಕೆಲಸಕ್ಕೆ ಹೊರಡುವ ತಾಯಿಗೆ ರೊಟ್ಟಿ ಬಡಿಯಲು ಹೊತ್ತಿಲ್ಲ, ಹತ್ತಡಿ ಕೋಣೆಯಲ್ಲಿ ನೆರೆಯವರ ಗೊಣಗಾಟ ಬೇರೆ. ಮಗುವಿನ ಡಬ್ಬಿಗೆ ಬೀಳುವುದು ಎರಡು ಪಾವು, ಚಟ್ನಿಪುಡಿ, ಇಲ್ಲವೇ ಐದು ರೂಪಾಯಿಯ ಬಿಸ್ಕತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ರಾಗಿಯಲ್ಲಿ 11 ಗ್ರಾಂ, ಮೈದಾದಲ್ಲಿ 3 ಗ್ರಾಂಗಿಂತ ಕಡಿಮೆ. ಎರಡು ದಪ್ಪ ಜೋಳದ ರೊಟ್ಟಿಗೆ ನೂರು ಗ್ರಾಂ ಹಿಟ್ಟು ಹಿಡಿಯುತ್ತದೆ ಎಂದುಕೊಂಡರೆ ಅಷ್ಟರಿಂದಲೇ 10 ಗ್ರಾಂ ನಾರು. ಎರಡು ಪಾವಿನಿಂದ ಒಂದೂವರೆ ಗ್ರಾಂ ಸಿಕ್ಕರೆ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಆರರಿಂದ ಒಂಬತ್ತರ ಮಗುವಿಗೆ ದಿನಕ್ಕೆ ಕನಿಷ್ಠ 21 ಗ್ರಾಂ, ಹತ್ತು ದಾಟಿದವರಿಗೆ 25 ಗ್ರಾಂ ನಾರು ಬೇಕೆನ್ನುತ್ತದೆ. (ವಡಾಪಾವಿನಲ್ಲಿ ವಡೆಯ ಮೇಲಿನ ಕಡಲೆಹಿಟ್ಟಿನ ತೆಳು ಅಂಗಿಯೊಂದೇ ಢಾಕಾದ ಪಟ್ಟಿಗೆ ಸೇರುವಂಥದ್ದು, ಅದನ್ನು ಇಲ್ಲಿ ದಾಖಲಿಸುವುದು ನ್ಯಾಯ.)

ಊಟ ಬದಲಾದಾಗ ಕರುಳಿನ ನಿವಾಸಿಗಳೂ ಬದಲಾಗುತ್ತಾರೆ. ಆಫ್ರಿಕಾದ ಬುರ್ಕಿನಾ ಫಾಸೊದ ಹಳ್ಳಿಯೊಂದರ ಮಕ್ಕಳನ್ನು ಇಟಲಿಯ ಫ್ಲಾರೆನ್ಸ್ ನಗರದ ಮಕ್ಕಳೊಡನೆ ಹೋಲಿಸಿದ 2010ರ ಅಧ್ಯಯನದಲ್ಲಿ, ಸಜ್ಜೆ, ಜೋಳ, ಕಾಳು ತಿನ್ನುವ ಹಳ್ಳಿಯ ಮಕ್ಕಳಲ್ಲಿ ಪ್ರೆವೊಟೆಲ್ಲಾ ವರ್ಗದ ಬ್ಯಾಕ್ಟೀರಿಯಾ ಹೇರಳವಾಗಿತ್ತು, ನಗರದ ಮಕ್ಕಳಲ್ಲಿ ಕಾಣಲೇ ಇಲ್ಲ. ಭಾರತೀಯರ ಕರುಳಿನಲ್ಲೂ ಇದೇ ಪ್ರೆವೊಟೆಲ್ಲಾದ ಪ್ರಾಬಲ್ಯ ಎಂಬುದನ್ನು ತೋರಿಸಿದ ಕೆಲಸದ ಒಂದು ಭಾಗ ನಡೆದದ್ದು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿ, ಡಾ. ಯೋಗೇಶ್ ಶೌಚೆ ಅವರ ತಂಡದಿಂದ. ಥಾಯ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದ ಮೋಂಗ್ ಮತ್ತು ಕರೆನ್ ಸಮುದಾಯಗಳ ಹೆಂಗಸರನ್ನು ಕುರಿತ 2018ರ ಅಧ್ಯಯನವಂತೂ ವಲಸಿಗರೆಲ್ಲ ಓದಬೇಕಾದದ್ದು: ಹೋದ ಕೆಲವೇ ತಿಂಗಳಲ್ಲಿ ಅವರ ಕರುಳಿನ ವೈವಿಧ್ಯ ಕುಗ್ಗತೊಡಗಿ, ಪ್ರೆವೊಟೆಲ್ಲಾದ ಜಾಗವನ್ನು ಬೇರೆ ಬ್ಯಾಕ್ಟೀರಿಯಾಗಳು ಹಿಡಿದವು; ಅಲ್ಲಿಯೇ ಹುಟ್ಟಿದ ತಲೆಮಾರಿನಲ್ಲಿ ನಷ್ಟ ಇನ್ನೂ ಹೆಚ್ಚಿತ್ತು. ಕಲಬುರಗಿಯಿಂದ ಡೊಂಬಿವಲಿಗೆ ಬರುವುದು ಅಷ್ಟು ದೂರದ ವಲಸೆಯಲ್ಲ, ಇಲ್ಲಿನ ಬಜಾರಿನಲ್ಲಿ ಜ್ವಾರಿಯ ಹಿಟ್ಟು ಸಿಗದೆಯೂ ಇಲ್ಲ. ಆದರೆ ದಿಕ್ಕು ಅದೇ.

ಇಷ್ಟೆಲ್ಲ ಹೇಳಿದ ಮೇಲೆ ನಾರನ್ನೇ ದೇವರು ಮಾಡಿಬಿಡುವ ಅಪಾಯವೂ ಇದೆ. ತೂಕವೇ ಕಡಿಮೆಯಿರುವ ಮಗುವಿನ ಪುಟ್ಟ ಹೊಟ್ಟೆಯನ್ನು ಬರೀ ಹೊಟ್ಟು, ಸೊಪ್ಪುಗಳಿಂದ ತುಂಬಿಸಿದರೆ ಎಣ್ಣೆ, ಹಾಲು, ಮೊಟ್ಟೆ, ಬೇಳೆಗೆ ಜಾಗ ಉಳಿಯುವುದಿಲ್ಲ. ಶಾಲೆಯ ಬಿಸಿಯೂಟದಲ್ಲಿ ಪ್ರಾಥಮಿಕ ತರಗತಿಗಳಿಗೆ 450 ಕಿಲೊಕ್ಯಾಲೊರಿ, 12 ಗ್ರಾಂ ಪ್ರೋಟೀನು, ಹಿರಿಯ ಪ್ರಾಥಮಿಕಕ್ಕೆ 700 ಕಿಲೊಕ್ಯಾಲೊರಿ, 20 ಗ್ರಾಂ ಪ್ರೋಟೀನು ಎಂದು ನಿಗದಿಯಾಗಿದೆ. ಇಲ್ಲಿನ ಎಷ್ಟೋ ಮಕ್ಕಳಿಗೆ ದಿನದ ಗಟ್ಟಿ ಊಟ ಅದೇ, ಮತ್ತು ಅದು ಸರಿಯಾಗಿ ಸಿಗುತ್ತದೆಯೇ ಎಂಬ ಪ್ರಶ್ನೆ ಬ್ಯಾಕ್ಟೀರಿಯಾದ ಪ್ರಶ್ನೆಗಿಂತ ಮೊದಲಿನದು. ಅಷ್ಟೇ ಅಲ್ಲ, ಎತ್ತರದ ತಳಹದಿ ಬೀಳುವುದು ಗರ್ಭದಲ್ಲಿ. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ 1993ರಿಂದ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ಹಿಂಬಾಲಿಸುತ್ತ ಬಂದಿದೆ. ನಮ್ಮ ಕೂಸುಗಳು ಹುಟ್ಟುವಾಗ ಸಣ್ಣಗಿದ್ದರೂ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚಿರುತ್ತದೆ ಎಂದು ಅವರು ತೋರಿಸಿಕೊಟ್ಟದ್ದು, ಶಾಲಾ ವಯಸ್ಸಿನಲ್ಲಿ ತರಾತುರಿಯಿಂದ ತೂಕ ಏರಿಸುವವರು ಎಚ್ಚರದಿಂದ ಕೇಳಬೇಕಾದ ಮಾತು. ಎತ್ತರ ಏರದೆ ತೂಕ ಮಾತ್ರ ಏರಿದರೆ ಅದು ಬೆಳವಣಿಗೆಯಲ್ಲ.

ನೀರು, ನೈರ್ಮಲ್ಯದ ವಿಷಯದಲ್ಲಿ ಫಲಿತಾಂಶಗಳು ನಿರೀಕ್ಷೆಗೆ ವಿರುದ್ಧವಾಗಿ ಬಂದವು. ಬಾಂಗ್ಲಾದೇಶ, ಕೀನ್ಯಾಗಳಲ್ಲಿ ಮನೆಮನೆಗೆ ಶೌಚಾಲಯ, ಸಾಬೂನು, ಶುದ್ಧೀಕರಿಸಿದ ನೀರು ಒದಗಿಸಿದ ದೊಡ್ಡ ಪ್ರಯೋಗಗಳು 2018ರಲ್ಲಿ ಮುಗಿದಾಗ, ಇವುಗಳಿಂದಲೇ ಮಕ್ಕಳ ಎತ್ತರ ಹೆಚ್ಚಲಿಲ್ಲ ಎಂದು ತಿಳಿಯಿತು. ಇಡೀ ಓಣಿಯ ಚರಂಡಿ ಸರಿಯಾಗದೆ ಒಂದು ಮನೆಯ ಕೊಡಪಾನ ಶುದ್ಧವಾದರೆ ಸಾಲದು ಎಂಬ ಅರ್ಥವನ್ನು ಹಲವರು ಇದರಲ್ಲಿ ಓದಿದ್ದಾರೆ, ಚಾಳಿನಲ್ಲಿ ಮಳೆಗಾಲ ಕಳೆದವರಿಗೆ ಅದು ಹೊಸ ಮಾತೇನಲ್ಲ.

ಆಂಟಿಬಯಾಟಿಕ್ ವಿಷಯ ಇದಕ್ಕಿಂತ ಜಟಿಲ. ಸುಮಾರು 1950ರಲ್ಲಿ ಅಮೆರಿಕದಲ್ಲಿ ಕೋಳಿಮರಿಗಳ ಮೇವಿಗೆ ಆಂಟಿಬಯಾಟಿಕ್ ತಯಾರಿಕೆಯ ಉಳಿಕೆಯನ್ನು ಬೆರೆಸಿದಾಗ ಅವು ಬೇಗ ಬಲಿತವು. ಸಾಕುಪ್ರಾಣಿಗಳನ್ನು ಈ ಔಷಧಗಳಿಂದ ಕೊಬ್ಬಿಸುವ ರೂಢಿ ಅಲ್ಲಿಂದ ಬೆಳೆಯಿತು. ಮಲಾವಿಯಲ್ಲಿ ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಚಿಕಿತ್ಸೆಯ ಆಹಾರದೊಡನೆ ಆಂಟಿಬಯಾಟಿಕ್ ಕೊಟ್ಟಾಗ ಬದುಕಿ ಉಳಿದವರ ಪ್ರಮಾಣ ಹೆಚ್ಚಿತು. ಇನ್ನೊಂದೆಡೆ ಫಿನ್ಲೆಂಡಿನ ಮಕ್ಕಳ ದಾಖಲೆಗಳನ್ನು ಆಧರಿಸಿದ 2021ರ ಅಧ್ಯಯನದಲ್ಲಿ, ಹುಟ್ಟಿದ ಮೊದಲ ಎರಡು ವಾರಗಳಲ್ಲಿ ಆಂಟಿಬಯಾಟಿಕ್ ಪಡೆದ ಗಂಡುಮಕ್ಕಳು ಆರು ವರ್ಷದವರೆಗೂ ಎತ್ತರ, ತೂಕ ಎರಡರಲ್ಲೂ ತುಸು ಹಿಂದೆ ಇದ್ದರು. ಒಂದೇ ವರ್ಗದ ಔಷಧ, ಮೂರು ಬಗೆಯ ಪರಿಣಾಮ. ಯಾವ ವಯಸ್ಸು, ಯಾವ ಕರುಳು, ಯಾವ ಸೋಂಕು ಎಂಬುದರ ಮೇಲೆ ಎಲ್ಲವೂ ನಿಂತಿರುವಾಗ, ಸಾಧಾರಣ ನೆಗಡಿಗೆ ಮೂರು ಮಾತ್ರೆ ಕತ್ತರಿಸಿ ಕೊಡುವ ಅಂಗಡಿಗಳ ಅಭ್ಯಾಸಕ್ಕೆ ಸಮರ್ಥನೆ ಸಿಗದು. ಹಲವು ಆಂಟಿಬಯಾಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಎಚ್-1 ಎಂಬ ಅನುಸೂಚಿ 2014ರಿಂದ ಜಾರಿಯಲ್ಲಿದೆ, ಕತ್ತರಿಯೂ ಕೆಲಸ ಮಾಡುತ್ತಲೇ ಇದೆ.

ಇನ್ನು ಮಲಪರೀಕ್ಷೆ ಮಾಡಿಸಿ ಕರುಳಿನ ಬ್ಯಾಕ್ಟೀರಿಯಾಗಳ ಬಣ್ಣಬಣ್ಣದ ವರದಿ ಕೊಡುವ ಸೇವೆಗಳು. ಮಲ ಹೇಳುವುದು ದೊಡ್ಡ ಕರುಳಿನ ಸುದ್ದಿಯನ್ನು. ಆದರೆ ಊಟದ ಸಾರ ಹೀರುವುದು ಸಣ್ಣ ಕರುಳು. ಢಾಕಾದ ಗಿಡ್ಡ ಮಕ್ಕಳಲ್ಲಿಯೂ ಮಡಗಾಸ್ಕರ್ ಮತ್ತು ಮಧ್ಯ ಆಫ್ರಿಕಾ ಗಣರಾಜ್ಯದ ಮಕ್ಕಳಲ್ಲಿಯೂ ತೊಂದರೆ ಕಂಡದ್ದು ಅಲ್ಲಿ, ಬಾಯಲ್ಲಿ ಇರಬೇಕಾದ ಬ್ಯಾಕ್ಟೀರಿಯಾಗಳು ಅಲ್ಲಿಗಿಳಿದು ಬೀಡುಬಿಟ್ಟಿದ್ದವು. ಅದನ್ನು ತಿಳಿಯಲು ನಳಿಕೆ ಇಳಿಸಬೇಕು. ರಕ್ತಹೀನತೆ, ಥೈರಾಯ್ಡ್, ಕ್ಷಯ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ, ಜಿಯಾರ್ಡಿಯಾ ಪರಾವಲಂಬಿ ಇವುಗಳನ್ನು ಪರೀಕ್ಷಿಸಿ ನೋಡುವುದಕ್ಕೆ ಬೇಕಾಗುವ ಹಣವನ್ನು ಬಣ್ಣದ ವರದಿಗೆ ಸುರಿಯುವುದು ನನಗೆ ಸರಿಕಾಣುವುದಿಲ್ಲ. ಅದಕ್ಕೂ ಮೊದಲು ಖರ್ಚೇ ಇಲ್ಲದ ಒಂದು ಪರೀಕ್ಷೆಯಿದೆ. ಇಂದಿನ ಎತ್ತರವೆಷ್ಟು ಎಂಬುದಕ್ಕಿಂತ, ಕಳೆದ ವರ್ಷಕ್ಕೂ ಈ ವರ್ಷಕ್ಕೂ ಎಷ್ಟು ಏರಿತು ಎಂಬುದು ಮುಖ್ಯ. ಪ್ರೌಢಾವಸ್ಥೆಗೆ ಮುನ್ನ ವರ್ಷಕ್ಕೆ ನಾಲ್ಕು ಸೆಂಟಿಮೀಟರೂ ಏರದ ಮಗುವನ್ನು, ಅಥವಾ ನಕ್ಷೆಯಲ್ಲಿ ತನ್ನ ಗೆರೆಯನ್ನು ಬಿಟ್ಟು ಕೆಳಗಿನ ಗೆರೆಗೆ ಇಳಿದ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಬೇಕು.

ಅಂಗಡಿಯಲ್ಲಿ ಆ ತಾಯಿಗೆ ಇಷ್ಟನ್ನೆಲ್ಲ ಹೇಳಲು ನಾನು ಹೋಗಲಿಲ್ಲ. ಶಾಲೆಯ ಪ್ರಗತಿ ಪುಸ್ತಕವಿದೆಯೇ ಎಂದು ಕೇಳಿದೆ. ಇಲ್ಲಿನ ಪ್ರಗತಿ ಪುಸ್ತಕಗಳಲ್ಲಿ ಅಂಕಗಳ ಕೆಳಗೆ ಎತ್ತರ, ತೂಕದ ಎರಡು ಸಾಲು ಇರುತ್ತವೆ, ಯಾರೂ ಓದುವುದಿಲ್ಲ. ಹುಡುಗ ತಾಯಿಯ ಮೊಬೈಲ್ ತೆಗೆದು ಎರಡು ವರ್ಷದ ಪುಟಗಳ ಫೋಟೊ ತೋರಿಸಿದ. ಐದನೇ ತರಗತಿಯ ಜೂನ್‌ನಲ್ಲಿ 130, ಆರನೆಯದರ ಜೂನ್‌ನಲ್ಲಿ 135. ತೂಕವೂ ಎರಡೂವರೆ ಕಿಲೊ ಏರಿತ್ತು. "ಐದು ಸೆಂಟಿಮೀಟರ್ ಬೆಳೆದಾನಲ್ರೀ" ಎಂದೆ. ತಾಯಿ ಮಗನನ್ನು ಮೇಲಿಂದ ಕೆಳಗೆ ನೋಡಿದರು. ಅಕ್ಕನ ಮಗಳ ಬಗ್ಗೆ ನಾನು ಕೇಳುವ ಮೊದಲೇ, ಆಕೆ ಈ ಬೇಸಿಗೆಯಲ್ಲಿ ದೊಡ್ಡವಳಾದಳೆಂದು ಅವರೇ ಹೇಳಿದರು. ಅಂಗಡಿಯವನು ಅಷ್ಟರಲ್ಲಿ ಪೆಟ್ಟಿಗೆ ತೆರೆದಿಟ್ಟಿದ್ದ. ಹತ್ತು ಪೊಟ್ಟಣದ ಬದಲು ಎರಡನ್ನು ಕತ್ತರಿಸಿಕೊಂಡು, ಜೋಳದ ಹಿಟ್ಟು ಬೀಸಿಕೊಡುವ ಗಿರಣಿ ಸ್ಟೇಷನ್ನಿನ ಯಾವ ಬದಿಗಿದೆ ಎಂದು ಕೇಳಿ ಅವರು ಹೊರಟರು.